ಮಿಲೊಂಗಾದ ಸಂಜೆಗೆ ಸಂಗೀತ ಜೋಡಿಸಲು ಕಲಿತದ್ದು

ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಕೆಮ್ನಿಟ್ಜ್ ನಗರದಲ್ಲಿ ಅರ್ಜೆಂಟೀನಾದ ಟ್ಯಾಂಗೊ ನೃತ್ಯವನ್ನು ಅದರ ಹಳೆಯ ಕ್ರಮದಲ್ಲೇ ನಡೆಸಿಕೊಂಡು ಬಂದಿರುವ ಒಂದು ಸಣ್ಣ ಸಂಘವಿದೆ. ಯಂತ್ರವಿನ್ಯಾಸದ ಕೆಲಸಕ್ಕೆಂದು ಧಾರವಾಡದಿಂದ ಈ ಊರಿಗೆ ಬಂದ ನಾನು ಮೊದಲು ಅದರ ವಿದ್ಯಾರ್ಥಿನಿಯಾದೆ, ಆಮೇಲೆ ಸದಸ್ಯೆಯಾದೆ, ಈಗ ಕೆಲವು ವರ್ಷಗಳಿಂದ ಅದರ ನೃತ್ಯಸಂಜೆಗಳಿಗೆ ಸಂಗೀತ ಹಾಕುವವರಲ್ಲಿ ಒಬ್ಬಳಾಗಿದ್ದೇನೆ. ಟ್ಯಾಂಗೊ ಕುಣಿಯಲು ಕಲಿತ ಕಥೆಯನ್ನು ಹೇಳುವವರು ಬೇಕಾದಷ್ಟು ಜನರಿದ್ದಾರೆ. ಕುಣಿಯುವವರಿಗಾಗಿ ಹಾಡು ಜೋಡಿಸುವುದನ್ನು ಕಲಿತ ಬಗೆಯನ್ನು ನಾನಿಲ್ಲಿ ಬರೆಯುತ್ತಿದ್ದೇನೆ. ಹುಟ್ಟಿದ ನೆಲದಿಂದ ಅಷ್ಟು ದೂರದಲ್ಲಿ ಒಂದು ಪರಂಪರೆ ಹೇಗೆ ಉಳಿಯುತ್ತದೆ ಎಂಬುದು ನನಗೆ ತಿಳಿದುಬಂದದ್ದು ಆ ಕೆಲಸದಿಂದಲೇ.

ಟ್ಯಾಂಗೊ ಕುಣಿಯುವ ಸಂಜೆಯನ್ನು ಮಿಲೊಂಗಾ ಎನ್ನುತ್ತಾರೆ. ಅಲ್ಲಿ ಹಾಡುಗಳು ಒಂದರ ಹಿಂದೊಂದು ಮನಬಂದಂತೆ ಬರುವುದಿಲ್ಲ. ಒಂದೇ ವಾದ್ಯವೃಂದದ, ಸಾಧ್ಯವಾದಷ್ಟೂ ಒಂದೇ ಕಾಲದ, ಒಬ್ಬನೇ ಗಾಯಕನ ನಾಲ್ಕು ಟ್ಯಾಂಗೊಗಳು ಸೇರಿ ಒಂದು ‘ತಂದಾ’ ಆಗುತ್ತದೆ. ಎರಡು ತಂದಾಗಳ ನಡುವೆ ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಟ್ಯಾಂಗೊಗೆ ಸಂಬಂಧವೇ ಇಲ್ಲದ ಬೇರೊಂದು ಸಂಗೀತದ ತುಣುಕು ಕೇಳಿಸುತ್ತದೆ. ಅದಕ್ಕೆ ‘ಕೊರ್ತಿನಾ’ ಎಂದು ಹೆಸರು. ಎರಡು ತಂದಾ ಟ್ಯಾಂಗೊ, ಆಮೇಲೆ ಒಂದು ತಂದಾ ಮೂರೆಣಿಕೆಯ ಲಯದ ವಾಲ್ಸ್, ಮತ್ತೆ ಎರಡು ತಂದಾ ಟ್ಯಾಂಗೊ, ಕೊನೆಗೆ ಮಿಲೊಂಗಾ ಎಂದೇ ಕರೆಯುವ ಚುರುಕು ನಡೆಯ ಹಾಡುಗಳ ಒಂದು ತಂದಾ ಎಂಬುದು ಸಾಮಾನ್ಯವಾಗಿ ಪಾಲಿಸುವ ಸುತ್ತು. ವಾಲ್ಸ್ ಮತ್ತು ಮಿಲೊಂಗಾ ತಂದಾಗಳಲ್ಲಿ ಮೂರೇ ಹಾಡುಗಳಿರುತ್ತವೆ. ಒಂದು ಸುತ್ತು ಮುಗಿಯಲು ಒಂದು ಗಂಟೆಗೆ ತುಸು ಹೆಚ್ಚು ಸಮಯ ಹಿಡಿಯುತ್ತದೆ. ಪಂಕ್ತಿಯ ಊಟದಲ್ಲಿ ಪಾಯಸ ಎಲ್ಲಿ ಬರಬೇಕು, ಮಜ್ಜಿಗೆ ಎಲ್ಲಿ ಬರಬೇಕು ಎಂಬುದನ್ನು ಯಾರೂ ಬರೆದಿಡದೆ ಎಲ್ಲರೂ ಬಲ್ಲಂತೆ, ಈ ಕ್ರಮವನ್ನೂ ಅಲ್ಲಿ ಸೇರುವವರೆಲ್ಲರೂ ಬಲ್ಲರು; ಬಡಿಸುವವರು ತಪ್ಪಿದರೆ ಎಲೆಯ ಮುಂದೆ ಕುಳಿತವರಿಗೆ ಕೂಡಲೇ ಗೊತ್ತಾಗುತ್ತದೆ.

ಯುನೆಸ್ಕೊ 2009ರಲ್ಲಿ ಟ್ಯಾಂಗೊವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದಕ್ಕಾಗಿ ಅರ್ಜೆಂಟೀನಾ ಮತ್ತು ಉರುಗ್ವೆ ದೇಶಗಳು ಜಂಟಿಯಾಗಿ ಅರ್ಜಿ ಹಾಕಿದ್ದವು. ಆದರೆ ಯುರೋಪಿನಲ್ಲಿ ಈ ನೃತ್ಯ ಮರಳಿ ಬೇರುಬಿಟ್ಟದ್ದಕ್ಕೆ ಅದಕ್ಕಿಂತ ಹಳೆಯ ಕಾರಣಗಳಿವೆ. 1976ರಲ್ಲಿ ಅರ್ಜೆಂಟೀನಾದಲ್ಲಿ ಸೇನಾಡಳಿತ ಬಂದ ಮೇಲೆ ಅನೇಕ ಕಲಾವಿದರು ದೇಶ ಬಿಟ್ಟು ಪ್ಯಾರಿಸ್ ಮುಂತಾದ ಊರುಗಳಲ್ಲಿ ನೆಲೆ ಕಂಡುಕೊಂಡರು. ಟ್ಯಾಂಗೊದ ತಿದಿವಾದ್ಯವಾದ ಬ್ಯಾಂಡೋನಿಯನ್ ನುಡಿಸುವ ಹುವಾನ್ ಹೊಸೆ ಮೊಸಾಲಿನಿ ಅವರಲ್ಲೊಬ್ಬರು. 1983ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಕಂಡ ‘ಟ್ಯಾಂಗೊ ಅರ್ಜೆಂಟಿನೊ’ ಎಂಬ ರಂಗಪ್ರದರ್ಶನವನ್ನು ನೋಡಿ ಕಲಿಯಬೇಕೆಂದು ಹೊರಟವರು ಯುರೋಪ್ ಅಮೆರಿಕಗಳಲ್ಲಿ ಲೆಕ್ಕವಿಲ್ಲದಷ್ಟು. ನಮ್ಮ ಊರು ಆಗ ಪೂರ್ವ ಜರ್ಮನಿಯ ಭಾಗವಾಗಿದ್ದು ಕಾರ್ಲ್ ಮಾರ್ಕ್ಸ್ ಅವರ ಹೆಸರನ್ನೇ ಹೊತ್ತಿತ್ತು. ಹಾಗಾಗಿ ಆ ಅಲೆ ಇಲ್ಲಿಗೆ ತಲುಪಿದ್ದು ಬರ್ಲಿನ್ ಗೋಡೆ ಬಿದ್ದ ಮೇಲೆ.

ನಮ್ಮ ಸಂಘ ಸೇರುವುದು ಹಳೆಯ ನೂಲಿನ ಗಿರಣಿಯೊಂದರ ಮೇಲಂತಸ್ತಿನಲ್ಲಿ. ಮರದ ನೆಲ ಅಲ್ಲಲ್ಲಿ ಸವೆದಿದೆ, ಕಿಟಕಿಗಳು ಎತ್ತರವಾಗಿವೆ, ಚಳಿಗಾಲದಲ್ಲಿ ಬಿಸಿಮಾಡುವ ಖರ್ಚು ಬಾಡಿಗೆಯನ್ನೂ ಮೀರುವಂತಿರುತ್ತದೆ. ಜರ್ಮನಿಯಲ್ಲಿ ಸಂಘವೊಂದನ್ನು ನೋಂದಾಯಿಸಲು ಕನಿಷ್ಠ ಏಳು ಸದಸ್ಯರು ಬೇಕು. ಆ ಮೊದಲ ಸದಸ್ಯರಲ್ಲಿ ಕೆಲವರು ಈಗಲೂ ಬರುತ್ತಾರೆ. ಸಾರ್ವಜನಿಕವಾಗಿ ಸಂಗೀತ ನುಡಿಸುವುದಾದರೆ ಗೆಮಾ ಎಂಬ ಹಕ್ಕುಸ್ವಾಮ್ಯ ಸಂಸ್ಥೆಗೆ ಮೊದಲೇ ತಿಳಿಸಿ, ಸಭಾಂಗಣದ ವಿಸ್ತೀರ್ಣ ಮತ್ತು ಪ್ರವೇಶಶುಲ್ಕಕ್ಕೆ ತಕ್ಕಂತೆ ಹಣ ಕಟ್ಟಬೇಕು. ಕುರ್ಚಿ ಜೋಡಿಸುವುದು, ನೆಲ ಒರೆಸುವುದು, ಬಾಗಿಲಲ್ಲಿ ಕುಳಿತು ಚಿಲ್ಲರೆ ಎಣಿಸುವುದು ಎಲ್ಲವೂ ಸರದಿಯ ಮೇಲೆ ನಡೆಯುತ್ತವೆ. ಸಂಗೀತ ಹಾಕುವ ಕೆಲಸ ಮಾತ್ರ ಬಹುಕಾಲದಿಂದ ಒಬ್ಬ ಹಿರಿಯರ ಕೈಯಲ್ಲಿತ್ತು. ಅವರು ಅರ್ಜೆಂಟೀನಾದ ರೊಸಾರಿಯೊ ನಗರದವರು, ಮದುವೆಯಾಗಿ ಇಲ್ಲಿಗೆ ಬಂದವರು. ಕಿವಿ ಮಂದವಾಗುತ್ತಿದೆ, ಇನ್ನೊಬ್ಬರನ್ನು ತಯಾರು ಮಾಡಬೇಕು ಎಂದು ಅವರೇ ವಾರ್ಷಿಕ ಸಭೆಯಲ್ಲಿ ಹೇಳಿದಾಗ, ನಾನು ಕೈಯೆತ್ತಿದೆ.

ಅವರು ಹಾಕಿದ ಮೊದಲ ಷರತ್ತು ಕಂಪ್ಯೂಟರನ್ನು ಮುಟ್ಟಬಾರದು ಎಂಬುದು. ಹಲವು ತಿಂಗಳು ನನ್ನ ಕೆಲಸ ಬರಿಯ ಕೇಳುವುದಾಗಿತ್ತು. ಒಂದು ಕಾಲಕ್ಕೆ ಒಂದೇ ವಾದ್ಯವೃಂದವನ್ನು ಕೇಳಬೇಕು, ಹೆಸರು ನೋಡದೆ ಹತ್ತು ಸೆಕೆಂಡಿನೊಳಗೆ ಅದನ್ನು ಗುರುತಿಸುವವರೆಗೂ ಬೇರೆಯದಕ್ಕೆ ಹೋಗಬಾರದು. ಧಾರವಾಡದಲ್ಲಿ ಬೆಳೆದವರಿಗೆ ಕುಳಿತು ಕೇಳುವುದು ಹೊಸದೇನಲ್ಲ. ಆದರೆ ಅಲ್ಲಿ ನಾವು ರಾಗ ನಿಧಾನವಾಗಿ ಬಿಚ್ಚಿಕೊಳ್ಳುವುದನ್ನು ಕಾಯುತ್ತೇವೆ. ಇಲ್ಲಿ ಎಲ್ಲವೂ ಸುಮಾರು ಮೂರು ನಿಮಿಷಗಳಲ್ಲಿ ಮುಗಿಯಬೇಕು, ಏಕೆಂದರೆ ಹತ್ತು ಅಂಗುಲದ ಅರಗಿನ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ಅಷ್ಟೇ. ನಮ್ಮ ಹಿಂದೂಸ್ತಾನಿ ಗಾಯಕರೂ ಅದೇ ತಟ್ಟೆಗಾಗಿ ಖಯಾಲನ್ನು ಮೂರು ನಿಮಿಷಕ್ಕೆ ಮೊಟಕುಗೊಳಿಸಬೇಕಾಯಿತೆಂಬುದು ಆಗ ನೆನಪಾಯಿತು. ಅವರಿಗೆ ಅದು ಕೈಕಟ್ಟಿದ ಹಾಗಿದ್ದಿರಬೇಕು, ಟ್ಯಾಂಗೊ ಮಾತ್ರ ಆ ಇಕ್ಕಟ್ಟಿನೊಳಗೇ ತನ್ನ ಆಕಾರವನ್ನು ಕಂಡುಕೊಂಡಿತು.

ಮಿಲೊಂಗಾಗಳಲ್ಲಿ ಹೆಚ್ಚಾಗಿ ಕೇಳಿಸುವುದು 1935ರಿಂದ 1955ರ ಸುಮಾರಿನ ಧ್ವನಿಮುದ್ರಿಕೆಗಳು. ಹುವಾನ್ ದಾರಿಯೆನ್ಸೊ ಅವರ ವೃಂದಕ್ಕೆ 1935ರ ಕೊನೆಯಲ್ಲಿ ಪಿಯಾನೊ ವಾದಕ ರೊದೋಲ್ಫೊ ಬಿಯಾಜಿ ಬಂದು ಸೇರಿದ ಮೇಲೆ ಅದರ ನಡೆ ಮೊನಚಾಯಿತು, ಸಾಲುಗಳ ನಡುವಿನ ಖಾಲಿ ಜಾಗಗಳಲ್ಲಿ ಪಿಯಾನೊ ಚಿಮ್ಮತೊಡಗಿತು, ಕುಳಿತವರೂ ಎದ್ದು ಬರುವಂತಾಯಿತು. ಕಾರ್ಲೋಸ್ ದಿ ಸಾರ್ಲಿ ಅವರದು ಅದಕ್ಕೆ ತದ್ವಿರುದ್ಧ. ಪಿಟೀಲುಗಳು ಉದ್ದಕ್ಕೆ ಎಳೆಯುತ್ತವೆ, ಹೆಜ್ಜೆಗೆ ಹೆಜ್ಜೆಯಷ್ಟೇ ತೂಕ ಸಿಗುತ್ತದೆ, ಹೊಸಬರೂ ನೆಮ್ಮದಿಯಾಗಿ ನಡೆಯಬಹುದು. ಅನೀಬಲ್ ತ್ರೋಯ್ಲೊ ಗಾಯಕ ಫಿಯೊರೆಂತಿನೊ ಅವರೊಂದಿಗೆ 1941ರಲ್ಲಿ ಮುದ್ರಿಸಿದ ಹಾಡುಗಳಲ್ಲಿ ವೇಗವೂ ಇದೆ, ದುಃಖವೂ ಇದೆ. ರಿಕಾರ್ದೊ ತಾಂತುರಿ ವೃಂದದ ಗಾಯಕ ಆಲ್ಬೆರ್ತೊ ಕಾಸ್ತಿಯೊ ವೃತ್ತಿಯಿಂದ ಸ್ತ್ರೀರೋಗ ವೈದ್ಯರಾಗಿದ್ದರು ಎಂಬ ಸಂಗತಿಯನ್ನು ಹಿರಿಯರು ಪ್ರತಿಸಲವೂ ಹೊಸದಾಗಿ ಹೇಳುವಂತೆ ಹೇಳುತ್ತಿದ್ದರು. ಓಸ್ವಾಲ್ದೊ ಪುಗ್ಲಿಯೆಸೆ ಕಮ್ಯುನಿಸ್ಟರು. ಆದಾಯವನ್ನು ವಾದಕರೆಲ್ಲ ಹಂಚಿಕೊಳ್ಳುವ ಸಹಕಾರಿ ಪದ್ಧತಿಯಲ್ಲಿ ವೃಂದವನ್ನು ನಡೆಸಿದರು. ಅವರನ್ನು ಜೈಲಿಗೆ ಹಾಕಿದಾಗ ವಾದಕರು ಪಿಯಾನೊ ಮೇಲೆ ಕೆಂಪು ಕಾರ್ನೇಶನ್ ಹೂವಿಟ್ಟು ಅವರಿಲ್ಲದೆಯೇ ನುಡಿಸುತ್ತಿದ್ದರು. ಹಳೆಯ ಪೂರ್ವ ಜರ್ಮನಿಯಲ್ಲಿ ಬೆಳೆದ ನಮ್ಮ ಕೆಲವು ಸದಸ್ಯರಿಗೆ ಪುಗ್ಲಿಯೆಸೆ ಮೇಲಿರುವ ಪ್ರೀತಿ ಬರಿಯ ಸಂಗೀತದ್ದಲ್ಲ ಎಂದು ನನ್ನ ಗುಮಾನಿ.

ಕೇಳುವ ಹಂತ ದಾಟಿದ ಮೇಲೆ ಬಂದದ್ದು ದಾಖಲೆಯ ಕೆಲಸ. ಸಂಘದ ಹಾರ್ಡ್‌ಡಿಸ್ಕಿನಲ್ಲಿ ವರ್ಷಗಳಿಂದ ಸೇರಿದ್ದ ಸಾವಿರಾರು ಕಡತಗಳಲ್ಲಿ ವೃಂದ, ಗಾಯಕ, ಮುದ್ರಣದ ದಿನಾಂಕ ಈ ಮೂರೂ ಸರಿಯಾಗಿದ್ದವು ಕಡಿಮೆ. ಒಂದೇ ಹಾಡನ್ನು ಒಂದೇ ವೃಂದ ಹತ್ತು ಹದಿನೈದು ವರ್ಷಗಳ ಅಂತರದಲ್ಲಿ ಮತ್ತೆ ಮುದ್ರಿಸಿರುವುದು ಸಾಮಾನ್ಯ, ಮತ್ತು ಆ ಎರಡು ಮುದ್ರಣಗಳು ಕುಣಿಯುವವರಿಗೆ ಎರಡು ಬೇರೆ ಹಾಡುಗಳೇ. ದಿನಾಂಕ ಗೊತ್ತಿಲ್ಲದೆ ತಂದಾ ಕಟ್ಟಿದರೆ 1940ರ ಚುರುಕಿನ ದಿ ಸಾರ್ಲಿ ಪಕ್ಕದಲ್ಲಿ 1950ರ ದಶಕದ ಗಂಭೀರ ದಿ ಸಾರ್ಲಿ ಬಂದು ಕೂರುತ್ತದೆ, ಮತ್ತು ಅಪ್ಪಿ ನಿಂತ ಜೋಡಿ ಮೂರನೆಯ ಹಾಡಿನಲ್ಲಿ ಹೊಸದಾಗಿ ಹೊಂದಿಕೊಳ್ಳಬೇಕಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಶ್ರುತಿಯ ಪ್ರಶ್ನೆ. ಈ ಹಾಡುಗಳು ನಮಗೆ ಸಿಕ್ಕಿರುವುದು ಅರಗಿನ ತಟ್ಟೆಗಳಿಂದ ಅಥವಾ ಅವುಗಳಿಂದ ಮಾಡಿದ ನಂತರದ ಪ್ರತಿಗಳಿಂದ. ಜಪಾನಿನ ಸಂಗ್ರಾಹಕರು ಜೋಪಾನ ಮಾಡಿ ಹೊರತಂದ ಪ್ರತಿಗಳೂ ಅವುಗಳಲ್ಲಿ ಸೇರಿವೆ. ನಿಮಿಷಕ್ಕೆ 78 ಸುತ್ತು ತಿರುಗಬೇಕಾದ ತಟ್ಟೆ ಪ್ರತಿ ಮಾಡುವಾಗ 80 ಸುತ್ತು ತಿರುಗಿದ್ದರೆ ಇಡೀ ಹಾಡು ಅರ್ಧಸ್ವರದ ಅರ್ಧಕ್ಕೆ ಹತ್ತಿರ ಮೇಲೇರುತ್ತದೆ. ಪಿಟೀಲನ್ನಾದರೆ ದಿನಕ್ಕೊಂದು ಶ್ರುತಿಗೆ ಏರಿಸಿ ಇಳಿಸಬಹುದು, ಆದರೆ ಪಿಯಾನೊ ಮತ್ತು ಬ್ಯಾಂಡೋನಿಯನ್ ಹಾಗೆ ಬದಲಾಗುವುದಿಲ್ಲ. ಆದ್ದರಿಂದ ಹಾಡಿನ ಕೊನೆಯ ಸ್ವರಮೇಳವನ್ನು ಫೋನಿನ ಶ್ರುತಿಮಾಪಕಕ್ಕೆ ಹಿಡಿದು ನೋಡಿದಾಗ ಮುಳ್ಳು ಎರಡು ಸ್ವರಗಳ ನಡುವೆ ತೂಗಾಡಿದರೆ, ಪ್ರತಿಯ ವೇಗದಲ್ಲೇ ಏನೋ ಎಡವಟ್ಟಿದೆ ಎಂದು ತಿಳಿಯಬಹುದು. ಕೆಲವು ಮರುಮುದ್ರಣಗಳಲ್ಲಿ ಕೃತಕ ಪ್ರತಿಧ್ವನಿ ಸೇರಿಸಿ ಮೂಲದ ಹರಿತವನ್ನು ಕೊಂದಿದ್ದಾರೆ. ಇನ್ನು ಕೆಲವದರಲ್ಲಿ ಕರಕರ ಸದ್ದನ್ನು ತೆಗೆಯಲು ಹೋಗಿ ಪಿಟೀಲಿನ ಮೇಲ್ದನಿಯನ್ನೂ ತೆಗೆದಿದ್ದಾರೆ. ಸದ್ದು ತುಸು ಇದ್ದರೂ ಸರಿ, ವಾದ್ಯ ವಾದ್ಯದಂತೆ ಕೇಳಬೇಕು ಎಂಬುದು ಹಿರಿಯರ ನಿಲುವು. ನನ್ನದೂ ಅದೇ. ಈ ಶೋಧನೆ ಒಂದು ಇಡೀ ಚಳಿಗಾಲವನ್ನು ನುಂಗಿತು, ಆದರೂ ಎಂಜಿನಿಯರ್ ಆದ ನನಗೆ ಬೇಸರ ತರಿಸಲಿಲ್ಲ.

ತಂದಾ ಕಟ್ಟುವುದನ್ನು ಕಾಗದದ ಚೀಟಿಗಳ ಮೇಲೆ ಕಲಿಸಿದರು. ಚೀಟಿಗೊಂದು ಹಾಡು, ಅವರ ಅಡುಗೆಮನೆಯ ಮೇಜಿನ ಮೇಲೆ ‘ಮಾತೆ’ ಎಂಬ ಅರ್ಜೆಂಟೀನಾದ ಎಲೆಪಾನೀಯದ ಬಟ್ಟಲಿನ ಸುತ್ತ ಹರಡಿದ ಚೀಟಿಗಳನ್ನು ನಾನು ನಾಲ್ಕು ನಾಲ್ಕಾಗಿ ಜೋಡಿಸಬೇಕು, ಅವರು ಒಂದನ್ನು ಎತ್ತಿ ಪಕ್ಕಕ್ಕಿಟ್ಟು ಕಾರಣ ಕೇಳಬೇಕು. ಮೊದಲ ಹಾಡು ಎಲ್ಲರಿಗೂ ಗೊತ್ತಿರುವಂಥದ್ದಾಗಿರಬೇಕು, ಏಕೆಂದರೆ ಅದರ ಮೊದಲ ಸಾಲುಗಳನ್ನು ಕೇಳಿಯೇ ಯಾರೊಂದಿಗೆ ಕುಣಿಯಬೇಕೆಂದು ಜನರು ತೀರ್ಮಾನಿಸುತ್ತಾರೆ. ಕಡಿಮೆ ಕೇಳಿದ ಹಾಡಿಗೆ ಎರಡನೆಯ ಅಥವಾ ಮೂರನೆಯ ಸ್ಥಾನ. ಕೊನೆಯದು ಮೊದಲಿನದಕ್ಕಿಂತ ದುರ್ಬಲವಾಗಿರಕೂಡದು. ಒಮ್ಮೆ ನಾನು ನನಗೆ ತುಂಬ ಇಷ್ಟವಾದ, ಲಯ ಒಡೆದು ಒಡೆದು ಸಾಗುವ ಹಾಡೊಂದನ್ನು ಸೇರಿಸಲು ವಾದಿಸಿದಾಗ ಅವರು, “ಮೂವತ್ತು ಜೋಡಿ ಎದುರಿಗೆ ನಿಂತಿರುವಾಗ ನಿನ್ನ ಇಷ್ಟವನ್ನು ಕಟ್ಟಿಕೊಂಡು ಅವರೇನು ಮಾಡಬೇಕು?” ಎಂದು ಕೇಳಿ ಚೀಟಿಯನ್ನು ನನ್ನ ಕೈಗೇ ಕೊಟ್ಟರು, ಮನೆಯಲ್ಲಿ ಕೇಳಿಕೊ ಎಂದರು.

ಕೊರ್ತಿನಾದ ಬಗ್ಗೆ ನಾನು ಮೊದಲು ಅಷ್ಟು ಯೋಚಿಸಿರಲಿಲ್ಲ. ಅದು ಕೇಳಿದೊಡನೆ ಜೋಡಿಗಳು ಬೇರೆಯಾಗಿ ನೆಲ ಪೂರ್ತಿ ತೆರವಾಗುತ್ತದೆ, ಗಂಡಸು ಸಾಮಾನ್ಯವಾಗಿ ಹೆಂಗಸನ್ನು ಆಕೆಯ ಕುರ್ಚಿಯವರೆಗೆ ಬಿಟ್ಟು ಬರುತ್ತಾನೆ, ನೆಲ ಖಾಲಿಯಾದ ಮೇಲೆ ಎದುರುಬದಿಯಲ್ಲಿ ಕುಳಿತವರ ಮುಖ ಕಾಣುತ್ತದೆ. ಆಗ ಕಣ್ಣಿನಿಂದಲೇ ಆಹ್ವಾನ ನಡೆಯುತ್ತದೆ. ಒಬ್ಬರು ನೋಡುತ್ತಾರೆ, ಇನ್ನೊಬ್ಬರು ನೋಟವನ್ನು ಹಿಡಿದು ತಲೆಯಾಡಿಸುತ್ತಾರೆ. ಇದೇ ಕಬೆಸೆಯೊ. ಮನಸ್ಸಿಲ್ಲದವರು ಬೇರೆ ಕಡೆ ನೋಡಿದರೆ ಸಾಕು, ಯಾರಿಗೂ ಅವಮಾನವಾಗುವುದಿಲ್ಲ. ಆದ್ದರಿಂದ ಕೊರ್ತಿನಾ ತುಂಬ ಚಿಕ್ಕದಾದರೆ ಈ ವ್ಯವಹಾರ ಮುಗಿಯುವುದಿಲ್ಲ, ಕುಣಿಯುವಂತಿದ್ದರೆ ಜನ ನೆಲ ಬಿಡುವುದಿಲ್ಲ. ದೀಪದ ಪ್ರಶ್ನೆಯೂ ಇದಕ್ಕೇ ಸೇರಿದ್ದು. ಟ್ಯಾಂಗೊ ಎಂದರೆ ಮಬ್ಬುಗತ್ತಲು ಬೇಕೆಂದು ಹೊಸ ಸದಸ್ಯರು ಪ್ರತಿವರ್ಷ ಕೇಳುತ್ತಾರೆ. ಹನ್ನೆರಡು ಮೀಟರ್ ಆಚೆಯ ಕಣ್ಣು ಕಾಣದಿದ್ದರೆ ಕಬೆಸೆಯೊ ಸಾಯುತ್ತದೆ ಎಂದು ಹಿರಿಯರು ಪ್ರತಿವರ್ಷವೂ ಗೋಡೆಬದಿಯ ದೀಪಗಳನ್ನು ಹೊತ್ತಿಸುತ್ತಾರೆ.

ಮೊದಲು ಅಭ್ಯಾಸದ ಸಂಜೆಗಳಲ್ಲಿ, ಅಂದರೆ ಪ್ರಾಕ್ತಿಕಾಗಳಲ್ಲಿ, ಒಂದೊಂದು ಗಂಟೆ ಹಾಕಲು ಬಿಟ್ಟರು. ಪೂರ್ತಿ ಸಂಜೆ ನನಗೆ ಸಿಕ್ಕಿದ್ದು ನವೆಂಬರಿನ ಒಂದು ಶನಿವಾರ. ಹೊರಗೆ ಹಿಮಬೆರೆತ ಮಳೆ ಇದ್ದುದರಿಂದ ಎಂಟು ಗಂಟೆಗೆ ನೆಲದ ಮೇಲೆ ನಾಲ್ಕೇ ಜೋಡಿಗಳಿದ್ದವು. ಖಾಲಿ ನೆಲದ ಮೇಲೆ ಭಾರವಾದ ಸಂಗೀತ ಜನರನ್ನು ಇನ್ನಷ್ಟು ಗೋಡೆಗೆ ಒತ್ತುತ್ತದೆ ಎಂಬುದು ಕಲಿತ ಪಾಠವಾದ್ದರಿಂದ ಆಂಖೆಲ್ ದಾಗೊಸ್ತಿನೊ ಮತ್ತು ಗಾಯಕ ಆಂಖೆಲ್ ವಾರ್ಗಾಸ್ ಅವರ ಸರಳವಾದ, ಮಾತನಾಡಿದಂತೆ ಹಾಡುವ ತಂದಾದಿಂದ ಶುರುಮಾಡಿದೆ. ಒಂಬತ್ತರ ಹೊತ್ತಿಗೆ ಲೈಪ್‌ಜಿಗ್ ಕಡೆಯಿಂದ ಒಂದು ಗುಂಪು ಬಂತು. ಎಡಸುತ್ತಾಗಿ ಸಾಗುವ ಹೊರಗಿನ ಸಾಲು ತುಂಬಿ, ಒಳಗೆ ಎರಡನೆಯ ಸಾಲು ಹುಟ್ಟಿತು. ಬರೆದಿಟ್ಟುಕೊಂಡ ಪಟ್ಟಿಯಲ್ಲಿ ಮುಂದಿದ್ದದ್ದು ದಿ ಸಾರ್ಲಿ. ನೆಲ ಬೇಡುತ್ತಿದ್ದದ್ದು ದಾರಿಯೆನ್ಸೊ. ಕೊರ್ತಿನಾ ಮುಗಿಯಲು ಹದಿನೈದು ಸೆಕೆಂಡು ಇರುವಾಗ ಅದಲು ಬದಲು ಮಾಡಿದೆ, ಕುಳಿತವರಲ್ಲಿ ಅರ್ಧದಷ್ಟು ಜನ ಎದ್ದರು. ಪುಗ್ಲಿಯೆಸೆಯನ್ನು ಹತ್ತೂವರೆಯವರೆಗೆ ತಡೆಹಿಡಿದೆ. 1946ರಲ್ಲಿ ಅವರು ಮುದ್ರಿಸಿದ ‘ಲಾ ಯುಂಬಾ’ದಂಥದ್ದನ್ನು ಕಾಲು ಬೆಚ್ಚಗಾಗುವ ಮುನ್ನ ಕೇಳಿಸಿದರೆ ಹೊಸಬರು ಹೆದರುತ್ತಾರೆ, ಹಳಬರು ವೇದಿಕೆಯ ಮೇಲಿದ್ದವರಂತೆ ಕಾಲೆತ್ತಲು ಹೋಗಿ ಹಿಂದಿನವರ ಮೊಣಕಾಲಿಗೆ ತಾಗಿಸುತ್ತಾರೆ.

ಹಿರಿಯರು ಸಂಜೆಯಿಡೀ ನನ್ನ ಮೇಜಿನ ಹತ್ತಿರ ಬರಲಿಲ್ಲ. ಕೊನೆಯಲ್ಲಿ ‘ಲಾ ಕುಂಪಾರ್ಸಿತಾ’ದ ಯಾವ ಮುದ್ರಣವನ್ನು ಹಾಕುತ್ತೀಯೆ ಎಂದಷ್ಟೇ ಕೇಳಿದರು. ಸಂಜೆಯ ಕೊನೆಯ ಟ್ಯಾಂಗೊ ಎಲ್ಲ ಊರುಗಳಲ್ಲೂ ಅದೇ; ಅದನ್ನು ಬರೆದವರು ಉರುಗ್ವೆಯ ಹೆರಾರ್ದೊ ಮಾತೊಸ್ ರೊದ್ರಿಗೆಸ್ ಎಂಬ ವಿದ್ಯಾರ್ಥಿ. ಅದು ಕೇಳಿಸಿದರೆ ಮನೆಗೆ ಹೊರಡುವ ಹೊತ್ತಾಯಿತೆಂದು ಯಾರೂ ಹೇಳಬೇಕಾಗಿಲ್ಲ.

ಕ್ರಮ ಎಂದ ಮೇಲೆ ಜಗಳಗಳೂ ಇವೆ. ಆಸ್ತರ್ ಪಿಯಾಸೋಲಾ ಅವರ ಸಂಗೀತವನ್ನು ಏಕೆ ಹಾಕುವುದಿಲ್ಲ ಎಂಬುದು ವಾರ್ಷಿಕ ಸಭೆಯ ಖಾಯಂ ಪ್ರಶ್ನೆ, ಏಕೆಂದರೆ ಹೊರಗಿನವರಿಗೆ ಟ್ಯಾಂಗೊ ಎಂದರೆ ಮೊದಲು ನೆನಪಾಗುವ ಹೆಸರು ಅವರದೇ. ಅವರ ಪ್ರೌಢ ಕೃತಿಗಳು ಕುಳಿತು ಕೇಳುವುದಕ್ಕಾಗಿ ಹುಟ್ಟಿದವು. ಆದರೆ 1939ರಿಂದ 1944ರವರೆಗೆ ಅವರು ತ್ರೋಯ್ಲೊ ವೃಂದದಲ್ಲಿ ಬ್ಯಾಂಡೋನಿಯನ್ ನುಡಿಸಿದ್ದರು, ಆ ವೃಂದಕ್ಕಾಗಿ ವಾದ್ಯಸಂಯೋಜನೆಗಳನ್ನೂ ಮಾಡಿದ್ದರು. ಅಂದರೆ ನಮ್ಮ ಸಂಜೆಗಳಲ್ಲಿ ಅವರ ಕೈವಾಡವನ್ನು ಜನ ತಿಳಿಯದೆಯೇ ಕುಣಿಯುತ್ತಿದ್ದಾರೆ. ಇನ್ನೊಂದು ಜಗಳ ಮುನ್ನಡೆಸುವವರು ಯಾರು ಎಂಬುದರದ್ದು. ಹೆಂಗಸರು ಮುನ್ನಡೆಸುವುದು, ಇಬ್ಬರು ಗಂಡಸರು ಜೊತೆಯಾಗಿ ಕುಣಿಯುವುದು ಪರಂಪರೆಗೆ ವಿರುದ್ಧವೆಂದು ಒಬ್ಬ ಸದಸ್ಯರು ಆಕ್ಷೇಪಿಸಿದಾಗ, ಬ್ಯೂನಸ್ ಐರಿಸ್ಸಿನ ಹಳೆಯ ಅಭ್ಯಾಸದ ಮನೆಗಳಲ್ಲಿ ಗಂಡಸರು ಗಂಡಸರೊಂದಿಗೇ ಹೆಜ್ಜೆ ಕಲಿಯುತ್ತಿದ್ದರೆಂಬುದನ್ನು ನೆನಪಿಸಿದವರು ಹಿರಿಯರೇ. ಆ ಮಾತು ಅಲ್ಲಿಗೆ ಮುಗಿಯಿತು. ಯಾವುದನ್ನು ಬಿಡಬಾರದು, ಯಾವುದು ಬದಲಾದರೂ ನಡೆಯುತ್ತದೆ ಎಂಬ ವಿವೇಚನೆ ದೂರದಲ್ಲಿರುವವರಿಗೆ ಹೆಚ್ಚು ಬೇಕಾಗುತ್ತದೆಂದು ನನಗನ್ನಿಸಿದೆ, ಏಕೆಂದರೆ ದೂರದಲ್ಲಿ ಎಲ್ಲವನ್ನೂ ಪವಿತ್ರವೆಂದು ಹಿಡಿದುಕೊಳ್ಳುವುದು ಸುಲಭ.

ಕೆಮ್ನಿಟ್ಜ್ ಟ್ಯಾಂಗೊಗೆ ತೀರ ಪರಸ್ಥಳವೂ ಅಲ್ಲ. ಇದೇ ಊರಿನ ಕಾರ್ಲ್ ಫ್ರೀಡ್ರಿಷ್ ಊಲಿಗ್ 1834ರಲ್ಲಿ ಮಾಡಿದ ಗುಂಡಿಗಳ ತಿದಿವಾದ್ಯದಿಂದಲೇ ಬ್ಯಾಂಡೋನಿಯನ್ ಬೆಳೆದದ್ದು. ಅದಕ್ಕೆ ಹೆಸರು ಬಂದದ್ದು ಕ್ರೆಫೆಲ್ಡ್ ನಗರದ ಹೈನ್ರಿಷ್ ಬ್ಯಾಂಡ್ ಅವರಿಂದ. ಬ್ಯೂನಸ್ ಐರಿಸ್ಸಿನ ವಾದಕರು ಇಂದಿಗೂ ಹುಡುಕಿ ಕೊಳ್ಳುವ ‘ಡಬಲ್ ಎ’ ವಾದ್ಯಗಳು ತಯಾರಾದದ್ದು ನಮ್ಮ ದಕ್ಷಿಣದ ಬೆಟ್ಟಗಳ ನಡುವಿನ ಕಾರ್ಲ್ಸ್‌ಫೆಲ್ಡ್ ಎಂಬ ಹಳ್ಳಿಯಲ್ಲಿ, ಆಲ್ಫ್ರೆಡ್ ಆರ್ನೊಲ್ಡ್ ಅವರ ಕಾರ್ಖಾನೆಯಲ್ಲಿ. ಎರಡನೆಯ ಮಹಾಯುದ್ಧದ ನಂತರ ಅದು ಸರ್ಕಾರದ ವಶವಾಯಿತು, ಬ್ಯಾಂಡೋನಿಯನ್ ತಯಾರಿಕೆ ನಿಂತುಹೋಯಿತು. ಸಂಘದವರೆಲ್ಲ ಒಂದು ಭಾನುವಾರ ಆ ಹಳ್ಳಿಗೆ ಹೋಗಿದ್ದೆವು. ಅಲ್ಲಿ ಒಬ್ಬರು ಹಳೆಯ ವಾದ್ಯವೊಂದನ್ನು ನನ್ನ ತೊಡೆಯ ಮೇಲಿಟ್ಟರು. ಬಲಗೈಗೆ 38, ಎಡಗೈಗೆ 33 ಗುಂಡಿಗಳು. ತಿದಿಯನ್ನು ಎಳೆಯುವಾಗ ಒಂದು ಸ್ವರ, ಒತ್ತುವಾಗ ಅದೇ ಗುಂಡಿಯಲ್ಲಿ ಇನ್ನೊಂದು ಸ್ವರ. ಗುಂಡಿಗಳ ಸಾಲಿಗೆ ಯಾವ ತರ್ಕವೂ ಕಾಣಲಿಲ್ಲ. ಗಣಿ ಕಾರ್ಮಿಕರು, ಗಿರಣಿ ಕಾರ್ಮಿಕರು ಇದನ್ನು ಸ್ವರಲಿಪಿಯ ಬದಲು ಗುಂಡಿಯ ಸಂಖ್ಯೆಗಳನ್ನು ಓದಿ ನುಡಿಸುತ್ತಿದ್ದರಂತೆ. ಅಂಥ ಕಾರ್ಮಿಕರ ವಾದನ ಸಂಘಗಳು ಜರ್ಮನಿಯ ತುಂಬ ಇದ್ದವು. ಹಾಗೆ ನೋಡಿದರೆ ನಮ್ಮ ಗಿರಣಿಯ ಮೇಲಂತಸ್ತಿಗೆ ಆ ನಾದ ಬ್ಯೂನಸ್ ಐರಿಸ್ಸನ್ನು ಸುತ್ತಿಕೊಂಡು ಮರಳಿ ಬಂದಿದೆ.

ಡಿಸೆಂಬರ್ 11 ಅರ್ಜೆಂಟೀನಾದಲ್ಲಿ ರಾಷ್ಟ್ರೀಯ ಟ್ಯಾಂಗೊ ದಿನ. ಗಾಯಕ ಕಾರ್ಲೋಸ್ ಗಾರ್ದೆಲ್ ಮತ್ತು ಪಿಟೀಲು ವಾದಕ ಹೂಲಿಯೊ ದೆ ಕಾರೊ ಇಬ್ಬರೂ ಹುಟ್ಟಿದ ದಿನ ಅದು. ಆ ವಾರದ ಶನಿವಾರ ನಾವು ದೊಡ್ಡ ಮಿಲೊಂಗಾ ಏರ್ಪಡಿಸುತ್ತೇವೆ. ಸಂಘಕ್ಕೆ ಹಣವಿದ್ದ ವರ್ಷ ವಾದಕರನ್ನು ಕರೆಸುತ್ತೇವೆ, ಇಲ್ಲದ ವರ್ಷ ಧ್ವನಿಮುದ್ರಿಕೆಗಳೇ ಸಾಕು. ಈ ಸಲದ ಸಂಜೆಯ ಅರ್ಧಭಾಗವನ್ನು ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ ನಡೆಸಲಿದ್ದಾನೆ. ಅವನಿಗೆ ನಾನು ಸದ್ಯ ದಿ ಸಾರ್ಲಿಯ 1939ರಿಂದ 1943ರವರೆಗಿನ ಮುದ್ರಣಗಳನ್ನು ಕೊಟ್ಟಿದ್ದೇನೆ, ಗಾಯಕ ರುಫಿನೊ ಅವರೊಂದಿಗೆ ಮಾಡಿದವುಗಳನ್ನು ಮಾತ್ರ. ಹೆಸರು ನೋಡದೆ ಗುರುತಿಸಲು ಬಂದ ಮೇಲೆ ತ್ರೋಯ್ಲೊಗೆ ಹೋಗೋಣ ಎಂದಿದ್ದೇನೆ. ಅವನಾಗಲೇ ಕಂಪ್ಯೂಟರ್ ಕೇಳುತ್ತಿದ್ದಾನೆ.